ಆರು ಪ್ರತಿ, ನೂರಿಪ್ಪತ್ತು ಮಕ್ಕಳು: ಕಾಲೇಜು ಲೈಬ್ರರಿಗೆ ಮುಕ್ತ ಪಠ್ಯಪುಸ್ತಕ ತರುವ ಬಗೆ

ಜೂನ್ ಕೊನೆಯ ವಾರ. ಹೊರಗೆ ಮುಂಬೈ ಮಳೆ, ಒಳಗೆ ಇಶ್ಯೂ ಕೌಂಟರ್ ಪಕ್ಕ ಒದ್ದೆ ಛತ್ರಿಗಳ ಸಾಲು. ಎಫ್‌ವೈ, ಅಂದರೆ ಮೊದಲ ವರ್ಷದ ಬಿಕಾಂ ಹುಡುಗನೊಬ್ಬ ಸತತ ಮೂರನೇ ದಿನ ಬಂದು ನಿಂತಿದ್ದ. ಊರು ಕುಂದಾಪುರದ ಕಡೆ. ಸಂಜೆ ಹೊತ್ತು ಮಾವನ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಾನೆ. ನಾನು ಕನ್ನಡದವಳು ಅಂತ ಗೊತ್ತಾದ ದಿನದಿಂದ ನನ್ನ ಹತ್ತಿರ ಹಿಂದಿ ಬಿಟ್ಟಿದ್ದಾನೆ.

"ಮೇಡಂ, ಆ ಎಕನಾಮಿಕ್ಸ್ ಪುಸ್ತಕ ವಾಪಸ್ ಬಂತಾ?"

"ಇಲ್ಲಪ್ಪ, ಆರೂ ಪ್ರತಿ ಹೊರಗಿವೆ. ಸೋಮವಾರ ಬಾ."

ಸೋಮವಾರ ಹುಡುಗ ಬಂದ, ಪುಸ್ತಕ ಬರಲಿಲ್ಲ. ಒಂದು ಡಿವಿಜನ್‌ನಲ್ಲಿ 120 ಮಕ್ಕಳು, ಕಪಾಟಿನಲ್ಲಿ 6 ಪ್ರತಿ. ಎಷ್ಟು ಸಲ ಭಾಗಿಸಿದರೂ ಈ ಲೆಕ್ಕ ಸರಿಹೋಗುವುದಿಲ್ಲ. ಮುಕ್ತ ಪಠ್ಯಪುಸ್ತಕಗಳ ಕೆಲಸಕ್ಕೆ ನಾನು ಕೈ ಹಾಕಿದ್ದು ಯಾವುದೋ ಸೆಮಿನಾರ್ ಕೇಳಿ ಅಲ್ಲ, ಈ ಲೆಕ್ಕಕ್ಕೆ ಸೋತು. ಮಾಡುತ್ತಾ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮುಂಬೈ, ಪುಣೆ, ಗೋವಾದ ಕಾಲೇಜುಗಳಲ್ಲಿ ಕೆಲಸ ಮಾಡುವ ಕನ್ನಡದ ಲೈಬ್ರರಿಯನ್‌ಗಳು, ಮೇಷ್ಟ್ರುಗಳು ಮನಸ್ಸಿನಲ್ಲಿದ್ದಾರೆ. ಆದರೆ ವಿಧಾನ ಎಲ್ಲಿಗಾದರೂ ಒಂದೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ದುಡ್ಡಿಲ್ಲದೆ ಸಿಕ್ಕಿದ್ದೆಲ್ಲ ಮುಕ್ತ ಅಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲು ಕೆಲಸಕ್ಕಿದ್ದ ಒಂದು ಕಾಲೇಜಿನಲ್ಲಿ, ಫೋನ್ ಗುಂಪುಗಳಲ್ಲಿ ಓಡಾಡುತ್ತಿದ್ದ ಪಿಡಿಎಫ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, 'ಓಪನ್ ಬುಕ್ಸ್' ಅಂತ ಹೆಸರಿಟ್ಟು ಕಾಲೇಜಿನ ವೆಬ್‌ಸೈಟಿಗೆ ಏರಿಸಿದ್ದೆವು. ಮಕ್ಕಳಿಗೆ ಖುಷಿಯೋ ಖುಷಿ. ಸ್ವಲ್ಪ ದಿನಕ್ಕೆ ಪ್ರಕಾಶಕರೊಬ್ಬರ ನೋಟಿಸ್ ಬಂತು. ಫೋಲ್ಡರ್ ಇಳಿಸಿದ್ದು ನಾನು, ಕ್ಷಮೆ ಪತ್ರ ಟೈಪ್ ಮಾಡಿದ್ದೂ ನಾನೇ.

ಮುಕ್ತ ಪಠ್ಯಪುಸ್ತಕ ಅಂದರೆ ಓದಲು ಬಿಟ್ಟಿಯಾಗಿ ಸಿಗುವುದಷ್ಟೇ ಅಲ್ಲ. ಅದನ್ನು ನಮ್ಮಲ್ಲಿ ಇಟ್ಟುಕೊಳ್ಳಬಹುದು, ಬಳಸಬಹುದು, ತಿದ್ದಬಹುದು, ಬೇರೆಯದರ ಜೊತೆ ಬೆರೆಸಬಹುದು, ಹಂಚಬಹುದು. ಈ ಅನುಮತಿಯನ್ನು ಬರೆದವರೇ ಲೈಸೆನ್ಸ್ ಮೂಲಕ ಮೊದಲೇ ಕೊಟ್ಟಿರುತ್ತಾರೆ. ಚಂದಾ ಕಟ್ಟಿ ತರಿಸುವ ಇ-ಪುಸ್ತಕ ಹಾಗಲ್ಲ, ದುಡ್ಡು ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತದೆ.

ಹೆಜ್ಜೆ 1: ಒಂದೇ ಒಂದು ಪೇಪರ್ ಹಿಡಿಯಿರಿ

ಬಹಳ ಲೈಬ್ರರಿಗಳು ಎಡವುವುದು ಇಲ್ಲಿ. ನೂರು ಲಿಂಕು ಇರುವ ಪುಟ ಮಾಡಿ, ಅದಕ್ಕೊಂದು ಉದ್ಘಾಟನೆ ಮಾಡಿ, ಮರೆತುಬಿಡುತ್ತಾರೆ. ಆ ಪುಟವನ್ನು ಯಾರೂ ತೆರೆಯುವುದಿಲ್ಲ. ಪರೀಕ್ಷೆಗೆ ಯಾವ ಪುಸ್ತಕದ ಯಾವ ಅಧ್ಯಾಯ ಓದಬೇಕು ಅಂತ ಆ ಪಟ್ಟಿ ಹೇಳುವುದೇ ಇಲ್ಲವಲ್ಲ.

ಬದಲಿಗೆ ನಿಮ್ಮ ಇಶ್ಯೂ ರಿಜಿಸ್ಟರ್ ತೆಗೆಯಿರಿ. ಕೋಹಾ ಅನ್ನುವ ಲೈಬ್ರರಿ ತಂತ್ರಾಂಶ ಬಳಸುವವರಾದರೆ, ಯಾವ ಪುಸ್ತಕಕ್ಕೆ ಎಷ್ಟು ಜನ ಕಾದಿದ್ದಾರೆ ಅಂತ ತೋರಿಸುವ ಹೋಲ್ಡ್ ರಿಪೋರ್ಟ್ ನೋಡಿ. ಯಾವ ಪುಸ್ತಕಕ್ಕೆ ಕ್ಯೂ ಜಾಸ್ತಿ ಇದೆ? ಗೇಟಿನ ಹೊರಗಿನ ಜೆರಾಕ್ಸ್ ಅಂಗಡಿಯವರನ್ನೂ ಕೇಳಿ. ಯಾವ ಪುಸ್ತಕ ಯಾವ ತಿಂಗಳು ಓಡುತ್ತದೆ ಅನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಎರಡೂ ಕಡೆ ಒಂದೇ ಉತ್ತರ ಬಂತು: ಮೊದಲ ವರ್ಷದ ಮೈಕ್ರೋ ಎಕನಾಮಿಕ್ಸ್.

ಇನ್ನೊಂದು ಮಾತು. ಎಲ್ಲ ವಿಷಯಕ್ಕೂ ಮುಕ್ತ ಪುಸ್ತಕ ಸಿಗುವುದಿಲ್ಲ. ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಫಿಸಿಕ್ಸ್, ಬಯಾಲಜಿ, ಸೈಕಾಲಜಿ, ಇವುಗಳಿಗೆ ಒಳ್ಳೆಯವು ಇವೆ. ಭಾರತದ ಇನ್‌ಕಮ್ ಟ್ಯಾಕ್ಸ್, ಕಂಪನಿ ಕಾನೂನು, ಜಿಎಸ್‌ಟಿಗೆ ಹೊರಗಿನ ಪುಸ್ತಕ ಕೆಲಸಕ್ಕೆ ಬಾರದು. ಗೆಲ್ಲುವ ಕಡೆಯಿಂದಲೇ ಶುರು ಮಾಡಿ.

ಹೆಜ್ಜೆ 2: ಲೈಸೆನ್ಸ್ ಓದಲು ಕಲಿಯಿರಿ

ಇದಕ್ಕೆ ಒಂದು ಮಧ್ಯಾಹ್ನ ಸಾಕು, ಆದರೆ ಆ ಮಧ್ಯಾಹ್ನ ತಪ್ಪಿಸಬೇಡಿ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ತನ್ನ ಮೊದಲ ಲೈಸೆನ್ಸ್‌ಗಳನ್ನು 2002ರ ಡಿಸೆಂಬರ್‌ನಲ್ಲಿ ಹೊರತಂದಿತು. ಈಗ ಜಾಸ್ತಿ ಕಾಣುವುದು 2013ರಲ್ಲಿ ಬಂದ 4.0 ಆವೃತ್ತಿ. ಪುಸ್ತಕದ ಮೊದಲ ಪುಟಗಳಲ್ಲಿ 'ಸಿಸಿ' ಅಂತ ಇದ್ದು, ಮುಂದೆ ಒಂದಿಷ್ಟು ಅಕ್ಷರ ಇರುತ್ತವೆ. ಬಿವೈ ಅಂದರೆ ಬರೆದವರ ಹೆಸರು ಹೇಳಿ. ಎಸ್‌ಎ ಅಂದರೆ ನೀವು ತಿದ್ದಿ ಹಂಚುವುದನ್ನೂ ಇದೇ ಲೈಸೆನ್ಸ್‌ನಲ್ಲಿ ಹಂಚಿ. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸಬೇಡಿ. ಎನ್‌ಡಿ ಅಂದರೆ ತಿದ್ದಿದ ರೂಪವನ್ನು ಹಂಚಬೇಡಿ.

ಕನ್ನಡದವರು ಕೊನೆಯದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಅನುವಾದವೂ ತಿದ್ದಿದ ರೂಪವೇ. ಎನ್‌ಡಿ ಇರುವ ಪುಸ್ತಕವನ್ನು ಕನ್ನಡಕ್ಕೆ ತಂದು ಹಂಚುವ ಹಾಗಿಲ್ಲ. ಹಾಗೇ, ಎಸ್‌ಎ ಮಾತ್ರ ಇರುವ ಒಂದು ಪಾಠವನ್ನೂ ಎನ್‌ಸಿ, ಎಸ್‌ಎ ಎರಡೂ ಇರುವ ಇನ್ನೊಂದು ಪಾಠವನ್ನೂ ಕಲಸಿ ಒಂದೇ ಅಧ್ಯಾಯ ಮಾಡಲಾಗದು. ಎರಡೂ 'ನನ್ನ ಲೈಸೆನ್ಸೇ ಉಳಿಯಬೇಕು' ಅಂತ ಹಠ ಹಿಡಿಯುತ್ತವೆ. ಎರಡು ಬೇರೆ ಬೇರೆ ಪಾಠಗಳಾಗಿ ಪಕ್ಕಪಕ್ಕ ಇಟ್ಟರೆ ತೊಂದರೆಯಿಲ್ಲ.

ಲೈಸೆನ್ಸೇ ಇಲ್ಲದ ಹಳೆಯ ಪುಸ್ತಕ? ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಬರಹ ಈಗ ಎಲ್ಲರದು. ಆದರೆ ಇತ್ತೀಚಿನ ಮುದ್ರಣಕ್ಕೆ ಸಂಪಾದಕರು ಬರೆದ ಮುನ್ನುಡಿ, ಅಡಿಟಿಪ್ಪಣಿ ಅವರದೇ. ಸ್ಕ್ಯಾನ್ ಮಾಡುವಾಗ ಆ ಪುಟ ಬಿಡಿ. ಕನ್ನಡ ಎಂಎ ಓದುವವರಿಗೆ ಈ ದಾರಿ ತುಂಬ ಉಪಯೋಗಕ್ಕೆ ಬರುತ್ತದೆ. ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್‌ನ ಧನಂಜಯರಾವ್ ಗಾಡ್ಗೀಳ್ ಲೈಬ್ರರಿ ತನ್ನ ಹಳೆಯ ಪುಸ್ತಕಗಳನ್ನು ಹೀಗೆಯೇ ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಹಳೆಯ ಬಾಂಬೆ ಪ್ರಾಂತದ ವರದಿ ಹುಡುಕುವವರು ಒಮ್ಮೆ ಅಲ್ಲಿ ಇಣುಕಿ ನೋಡಿ.

"ಕ್ಲಾಸಿಗೆ ಜೆರಾಕ್ಸ್ ಮಾಡಬಹುದು ಅಂತ ಕೋರ್ಟೇ ಹೇಳಿದೆಯಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜ, ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಕೇಸಿನಲ್ಲಿ 2016ರಲ್ಲಿ ದಿಲ್ಲಿ ಹೈಕೋರ್ಟ್, 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ ಹಿಡಿದು ಪಾಠಕ್ಕಾಗಿ ಮಾಡುವ ಪ್ರತಿಗೆ ಜಾಗ ಕೊಟ್ಟಿತು. ಆದರೆ ಅದು ಪಾಠಕ್ಕೆ ಸಿಕ್ಕ ವಿನಾಯಿತಿ. ಇಡೀ ಪುಸ್ತಕವನ್ನು ವೆಬ್‌ಸೈಟಿಗೆ ಏರಿಸಲು ಕೊಟ್ಟ ಪರವಾನಗಿ ಅಂತ ಓದಿಕೊಳ್ಳಬೇಡಿ. ನನ್ನ ನೋಟಿಸ್ ಕಥೆ ಮೇಲೆ ಇದೆ.

ಹೆಜ್ಜೆ 3: ಹುಡುಕುವುದು

ಇದು ಅಂದುಕೊಂಡಷ್ಟು ಕಷ್ಟವಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಪದವಿ ಮಟ್ಟದ ಪುಸ್ತಕ ತರುತ್ತಿದೆ. ಮಿನೆಸೋಟಾ ವಿಶ್ವವಿದ್ಯಾಲಯದಿಂದ ಶುರುವಾದ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿಯಲ್ಲಿ ಪುಸ್ತಕದ ಜೊತೆ ಅಧ್ಯಾಪಕರು ಬರೆದ ವಿಮರ್ಶೆಯೂ ಇರುತ್ತದೆ. ನಾನು ಪುಸ್ತಕಕ್ಕಿಂತ ಮೊದಲು ಆ ವಿಮರ್ಶೆ ಓದುತ್ತೇನೆ. ಕೆಮಿಸ್ಟ್ರಿಗೆ, ಗಣಿತಕ್ಕೆ ಲಿಬ್ರೆಟೆಕ್ಸ್ಟ್ಸ್ ಇದೆ. ಸಂಶೋಧನಾ ಪುಸ್ತಕಗಳಿಗೆ ಡಿಒಎಬಿ ಅನ್ನುವ ಡೈರೆಕ್ಟರಿ ಇದೆ.

ನಮ್ಮ ದೇಶದಲ್ಲಿ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ವಿಡಿಯೋ ಪಾಠಗಳ ಎನ್‌ಪಿಟೆಲ್, ಎಂಎ, ಎಂಕಾಂನವರಿಗೆ ಇ-ಪಿಜಿ ಪಾಠಶಾಲಾ, ಐಐಟಿ ಖರಗ್‌ಪುರದ ನ್ಯಾಷನಲ್ ಡಿಜಿಟಲ್ ಲೈಬ್ರರಿ. ಕೊನೆಯದರಲ್ಲಿ ಹುಷಾರು. ಅದು ಎಲ್ಲೆಲ್ಲಿನದನ್ನೋ ಒಂದೇ ಕಡೆ ತೋರಿಸುವ ಜಾಗ, ಅಲ್ಲಿ ಕಾಣಿಸಿದ್ದೆಲ್ಲ ತಿದ್ದಿ ಹಂಚಲು ಬರುವುದಿಲ್ಲ. ಪ್ರತಿಯೊಂದರ ಲೈಸೆನ್ಸ್ ಬೇರೆ ಬೇರೆ ನೋಡಬೇಕು.

ಮುಂಬೈಯವರಿಗೆ ಮನೆ ಬಾಗಿಲಲ್ಲೇ ಇರುವ ನಿಧಿ ಪೊವಾಯಿಯಲ್ಲಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್: ಲಿಬ್ರೆಆಫೀಸ್, ಪೈಥಾನ್, ಸೈಲ್ಯಾಬ್ ಇತ್ಯಾದಿ ತಂತ್ರಾಂಶ ಕಲಿಸುವ ಹತ್ತು ಹತ್ತು ನಿಮಿಷದ ಪಾಠಗಳು. ಲೈಸೆನ್ಸ್ ಸಿಸಿ ಬಿವೈ ಎಸ್‌ಎ. ಬಹಳಷ್ಟಕ್ಕೆ ಕನ್ನಡ ಧ್ವನಿಯೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳಿಗೆ ಸ್ಪ್ರೆಡ್‌ಶೀಟ್ ಪಾಠವನ್ನು ಕನ್ನಡದಲ್ಲಿ ಹಾಕಿಕೊಟ್ಟೆ. ಹೆಡ್‌ಫೋನ್ ತೆಗೆದು ಅವಳು ಕೇಳಿದ್ದು ಇಷ್ಟೇ: "ಮೇಡಂ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

ಹೆಜ್ಜೆ 4: ಮೇಷ್ಟ್ರ ಪಕ್ಕ ಕೂತು ಸಿಲೆಬಸ್ ಜೋಡಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ಪುಸ್ತಕ ಎಷ್ಟೇ ಚೆನ್ನಾಗಿರಲಿ, ಮೇಷ್ಟ್ರು ಕ್ಲಾಸಿನಲ್ಲಿ "ಇದನ್ನು ಓದಿ" ಅನ್ನದಿದ್ದರೆ ಮಕ್ಕಳು ಮುಟ್ಟುವುದಿಲ್ಲ. ಮೇಷ್ಟ್ರಿಗೋ ಪುರುಸೊತ್ತಿಲ್ಲ. ಅದಕ್ಕೇ ನೀವು ಅರ್ಧ ಕೆಲಸ ಮುಗಿಸಿಕೊಂಡೇ ಸ್ಟಾಫ್ ರೂಮಿಗೆ ಹೋಗಬೇಕು.

ನಾನು ಮಾಡುವುದು ಹೀಗೆ. ಒಂದು ಕಾಗದದ ಎಡಕ್ಕೆ ವಿಶ್ವವಿದ್ಯಾಲಯದ ಸಿಲೆಬಸ್‌ನ ಯೂನಿಟ್‌ಗಳು, ಬಲಕ್ಕೆ ಮುಕ್ತ ಪುಸ್ತಕದ ಅಧ್ಯಾಯ, ಪುಟ ಸಂಖ್ಯೆ. ಉದಾಹರಣೆಗೆ, ಬೇಡಿಕೆ ಮತ್ತು ಪೂರೈಕೆ ಯೂನಿಟ್ ಎದುರಿಗೆ ಓಪನ್‌ಸ್ಟ್ಯಾಕ್ಸ್‌ನ 'ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್' ಪುಸ್ತಕದ 3ನೇ ಅಧ್ಯಾಯ, ಎಲಾಸ್ಟಿಸಿಟಿ ಎದುರಿಗೆ 5ನೇ ಅಧ್ಯಾಯ. ಪುಸ್ತಕದಲ್ಲಿ ಇಲ್ಲದ ಯೂನಿಟ್ ಎದುರಿಗೆ ಕೆಂಪು ಪೆನ್ನಲ್ಲಿ 'ಇಲ್ಲ' ಅಂತ ಬರೆಯುತ್ತೇನೆ. ಆ 'ಇಲ್ಲ'ಗಳನ್ನು ಮುಚ್ಚಿಡಬೇಡಿ. ಅವನ್ನು ನೋಡಿದ ಮೇಲೆಯೇ ಮೇಷ್ಟ್ರಿಗೆ ನಿಮ್ಮ ಮೇಲೆ ನಂಬಿಕೆ ಬರುವುದು.

ನಮ್ಮ ಎಕನಾಮಿಕ್ಸ್ ಮೇಷ್ಟ್ರು ಧಾರವಾಡದ ಕಡೆಯವರು. ಕಾಗದ ನೋಡಿ ಮೊದಲ ಮಾತೇ, "ಫ್ರೀ ಐತಿ ಅಂದ್ರ ಕಳಪೆ ಇರಬೇಕ್ರೀ." ನಾನು ವಾದ ಮಾಡಲಿಲ್ಲ. 3ನೇ ಅಧ್ಯಾಯ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು ಬಂದೆ. ಒಂದು ವಾರ ಬಿಟ್ಟು ಅವರೇ ಕೆಳಗೆ ಬಂದರು. ಮಾರ್ಜಿನ್ ತುಂಬ ಪೆನ್ಸಿಲ್ ಗುರುತು. ದೂರು ಬದಲಾಗಿತ್ತು: "ಪುಸ್ತಕ ಛಲೋ ಐತ್ರೀ. ಆದ್ರ ಇದರಾಗ ಬರೇ ಗ್ಯಾಲನ್ನು, ಡಾಲರ್ರು. ನಮ್ಮ ಹುಡುಗ್ರು ಗ್ಯಾಲನ್ ಎಲ್ಲಿ ನೋಡ್ಯಾರ?"

ಹೆಜ್ಜೆ 5: ತಿದ್ದಿ ನಮ್ಮದಾಗಿಸುವುದು

ಮೇಷ್ಟ್ರ ಮಾತು ನಿಜ. ಆ ಅಧ್ಯಾಯದ ಮುಖ್ಯ ಉದಾಹರಣೆ ಪೆಟ್ರೋಲ್. ಗ್ಯಾಲನ್ನಿಗೆ 1 ಡಾಲರ್ ಇದ್ದಾಗ ಬೇಡಿಕೆ 800 ಮಿಲಿಯನ್ ಗ್ಯಾಲನ್, 1.20 ಆದಾಗ 700, 1.40 ಆದಾಗ 600. ಮೂಲ ಪುಸ್ತಕದ ಲೈಸೆನ್ಸ್ ಸಿಸಿ ಬಿವೈ, ಅಂದರೆ ತಿದ್ದಲು ಯಾರ ಅಪ್ಪಣೆಯೂ ಬೇಡ. ಇಬ್ಬರೂ ಕೂತು ಪೆಟ್ರೋಲ್ ತೆಗೆದು ವಾಶಿ ಮಾರ್ಕೆಟ್ಟಿನ ಈರುಳ್ಳಿ ತಂದೆವು. ಡಾಲರ್ ಜಾಗಕ್ಕೆ ರೂಪಾಯಿ, ಗ್ಯಾಲನ್ ಜಾಗಕ್ಕೆ ಕಿಲೋ. ಅಂಕಿಗಳು ನಾವೇ ಹಾಕಿದ್ದರಿಂದ ಕೋಷ್ಟಕದ ಕೆಳಗೆ 'ಅಂಕಿ ಉದಾಹರಣೆಗೆ ಮಾತ್ರ' ಅಂತ ಬರೆದೆವು. ಇಲ್ಲದಿದ್ದರೆ ಯಾರೋ ಅದನ್ನು ನಿಜವಾದ ಮಾರುಕಟ್ಟೆ ದರ ಅಂತ ಪ್ರಾಜೆಕ್ಟಿನಲ್ಲಿ ಬರೆದುಬಿಡುತ್ತಾರೆ. ಬ್ಯಾಂಕಿಂಗ್ ಬಂದ ಕಡೆ ಅಮೆರಿಕದ ಫೆಡ್ ಬದಲು ಮಿಂಟ್ ರೋಡಿನ ರಿಸರ್ವ್ ಬ್ಯಾಂಕ್.

ತಿದ್ದಿದ ಮೇಲೆ ಮೂಲದವರ ಋಣ ಬರೆಯಬೇಕು. ಶೀರ್ಷಿಕೆ, ಲೇಖಕರು, ಎಲ್ಲಿ ಸಿಗುತ್ತದೆ, ಯಾವ ಲೈಸೆನ್ಸ್, ಏನು ಬದಲಿಸಿದ್ದೀರಿ, ಈ ಐದೂ ಇರಲಿ. ನಮ್ಮದು ಹೀಗಿದೆ: "ಈ ಪಾಠಕ್ಕೆ ಆಧಾರ, ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿರುವ ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್, 3ನೇ ಆವೃತ್ತಿ, 3ನೇ ಅಧ್ಯಾಯ. ಲೇಖಕರು: ಡೇವಿಡ್ ಶಪಿರೊ, ಡೇನಿಯಲ್ ಮ್ಯಾಕ್‌ಡೊನಾಲ್ಡ್, ಸ್ಟೀವನ್ ಗ್ರೀನ್‌ಲಾ. ಲೈಸೆನ್ಸ್: ಸಿಸಿ ಬಿವೈ 4.0. ಉದಾಹರಣೆ ಮತ್ತು ಅಭ್ಯಾಸ ಪ್ರಶ್ನೆಗಳನ್ನು ಬದಲಿಸಲಾಗಿದೆ." ಕೆಳಗೆ ಮೂಲ ಪುಸ್ತಕದ ಲಿಂಕು. ಓಪನ್‌ಸ್ಟ್ಯಾಕ್ಸ್‌ನ ಹೆಸರು, ಲೋಗೋ, ಮುಖಪುಟದ ಚಿತ್ರ ಈ ಲೈಸೆನ್ಸ್ ಒಳಗೆ ಬರುವುದಿಲ್ಲ. ತಿದ್ದಿದ ಪ್ರತಿಗೆ ಅವರ ಮುಖಪುಟ ಅಂಟಿಸಬೇಡಿ. ಅವರ ಪುಸ್ತಕಗಳಲ್ಲೂ ಎಲ್ಲವೂ ಬಿವೈ ಅಲ್ಲ. ಕ್ಯಾಲ್ಕುಲಸ್ ಪುಸ್ತಕಕ್ಕೆ ಎನ್‌ಸಿ, ಎಸ್‌ಎ ಎರಡೂ ಇದೆ.

ಇನ್ನು ಕನ್ನಡ. ಇಡೀ ಪುಸ್ತಕ ಅನುವಾದಿಸುವ ಆಸೆ ನನಗೂ ಬಂದಿತ್ತು. ಬೇಡ. ಪರೀಕ್ಷೆ ಇಂಗ್ಲಿಷಿನಲ್ಲಿ, ಮಕ್ಕಳು ತೊಡರುವುದು ಪದಗಳಲ್ಲಿ. ಅಧ್ಯಾಯದ ಕೊನೆಯಲ್ಲಿರುವ ಮುಖ್ಯ ಪದಗಳ ಪಟ್ಟಿಗೆ ಮಾತ್ರ ಕನ್ನಡ ವಿವರಣೆ ಬರೆಯಿರಿ. ಅದೂ ನಿಘಂಟಿನ ಕನ್ನಡ ಅಲ್ಲ. ಎಲಾಸ್ಟಿಸಿಟಿಗೆ 'ಸ್ಥಿತಿಸ್ಥಾಪಕತ್ವ' ಅಂತ ಬರೆದರೆ ನಾಲಿಗೆ ಕಚ್ಚಿಕೊಳ್ಳುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ನಾವು ಬರೆದದ್ದು: 'ಬೆಲೆ ಸ್ವಲ್ಪ ಏರಿದರೆ ಜನ ಕೊಳ್ಳುವುದನ್ನು ಎಷ್ಟು ಕಮ್ಮಿ ಮಾಡುತ್ತಾರೆ ಅನ್ನುವ ಲೆಕ್ಕ. ಉಪ್ಪಿಗೆ ಇದು ಕಮ್ಮಿ, ಹೋಟೆಲ್ ಊಟಕ್ಕೆ ಜಾಸ್ತಿ.' ಕೊನೆಯ ವಾಕ್ಯ ಕೊಟ್ಟದ್ದು ಗಲ್ಲಾದ ಹುಡುಗ.

ಹೆಜ್ಜೆ 6: ಕೈಗೆ ಸಿಗುವ ಹಾಗೆ ಇಡಿ

ಲೈಬ್ರರಿಗೆ ಬಂದ ಪುಸ್ತಕ ಕ್ಯಾಟಲಾಗಿನಲ್ಲಿ ಇರಬೇಕು. ಮುಕ್ತ ಪುಸ್ತಕಕ್ಕೂ ಅದೇ ಮರ್ಯಾದೆ ಕೊಡಿ. ಕೋಹಾದಲ್ಲಿ ದಾಖಲೆ ಮಾಡುವಾಗ 856ನೇ ಫೀಲ್ಡಿನಲ್ಲಿ ಲಿಂಕು, 540ರಲ್ಲಿ ಲೈಸೆನ್ಸ್ ವಿವರ ಹಾಕಿ. ಎಕನಾಮಿಕ್ಸ್ ಅಂತ ಹುಡುಕಿದವರಿಗೆ ಹೊರಗೆ ಹೋಗಿರುವ ಆರು ಪ್ರತಿಯ ಕೆಳಗೇ ಇದೂ ಕಾಣಲಿ.

ಆದರೆ ಮಕ್ಕಳು ಕ್ಯಾಟಲಾಗ್ ನೋಡುವುದು ಕಮ್ಮಿ, ಕಪಾಟಿನ ಮುಂದೆ ನಿಲ್ಲುವುದು ಜಾಸ್ತಿ. ಅದಕ್ಕೆ ನಾನು ಹಳೆಯ ರಟ್ಟಿನ ಫೈಲನ್ನು ಪುಸ್ತಕದ ಅಳತೆಗೆ ಕತ್ತರಿಸಿ, ಬೆನ್ನಿಗೆ ಈ ವಿಷಯದ ಪುಸ್ತಕಗಳಿಗೆ ಲೈಬ್ರರಿ ಕೊಡುವ 338.5 ನಂಬರಿನ ಲೇಬಲ್ ಅಂಟಿಸಿ, ಮುಖಕ್ಕೆ ಕ್ಯೂಆರ್ ಕೋಡ್ ಅಂಟಿಸಿ, ಕಪಾಟಿನಲ್ಲಿ ಅದರ ಜಾಗದಲ್ಲೇ ನಿಲ್ಲಿಸಿದೆ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ನಾನು ಮಾಡಿದ ಎಲ್ಲ ಉಪಾಯಗಳಲ್ಲಿ ಜಾಸ್ತಿ ಕೆಲಸ ಮಾಡಿದ್ದು ಈ ರಟ್ಟೇ.

ಇಡೀ ಪುಸ್ತಕದ ಪಿಡಿಎಫ್ ಭಾರ. ಕಲ್ಯಾಣ್ ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಫೋನಿಗೆ ಕೊಟ್ಟು ನಿಂತವರು ಅದನ್ನು ತೆರೆಯಲಾರರು. ಅಧ್ಯಾಯಕ್ಕೊಂದು ಫೈಲ್ ಮಾಡಿ, ಇಳಿಸಿಕೊಂಡು ನೆಟ್ ಇಲ್ಲದೆ ಓದುವ ಹಾಗಿರಲಿ. ನಿಮ್ಮ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ, ಲಿಂಕುಗಳು ಹೇಳದೆ ಕೇಳದೆ ಸಾಯುತ್ತವೆ. ಕಾಗದವನ್ನೂ ಮರೆಯಬೇಡಿ. ಎರಡು ಮೂರು ಪ್ರತಿ ಪ್ರಿಂಟ್ ಮಾಡಿಸಿ, ಸ್ಪೈರಲ್ ಹಾಕಿಸಿ ರೀಡಿಂಗ್ ರೂಮಿನಲ್ಲಿಡಿ. ಮುಕ್ತ ಪುಸ್ತಕ ಅಂದರೆ ಫೋನಿನಲ್ಲೇ ಓದಬೇಕು ಅಂತ ಎಲ್ಲೂ ಬರೆದಿಲ್ಲ.

ಹೆಜ್ಜೆ 7: ಮೇಷ್ಟ್ರ ನೋಟ್ಸ್ ಕೂಡ ಪುಸ್ತಕವೇ

ಆ ಕೆಂಪು 'ಇಲ್ಲ'ಗಳಿಗೆ ಉತ್ತರ ನಿಮ್ಮ ಸ್ಟಾಫ್ ರೂಮಿನಲ್ಲೇ ಇರುತ್ತದೆ. ವರ್ಷಗಟ್ಟಲೆ ತಿದ್ದಿದ ನೋಟ್ಸ್. ಅದನ್ನು ಮುಕ್ತವಾಗಿ ಬಿಡಲು ಕೇಳಿ, ಆದರೆ ಬಾಯಿಮಾತಿನಲ್ಲಿ ಬೇಡ. ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದು ಅಂತ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಅರ್ಧ ಪುಟದ ಒಪ್ಪಿಗೆ ಪತ್ರಕ್ಕೆ ಮೇಷ್ಟ್ರದೂ ಪ್ರಿನ್ಸಿಪಾಲರದೂ ಸಹಿ ತಗೊಳ್ಳಿ. ನೋಟ್ಸ್ ಒಳಗೆ ಬೇರೆ ಪುಸ್ತಕದಿಂದ ಕತ್ತರಿಸಿ ಅಂಟಿಸಿದ ಚಿತ್ರ ಇದೆಯಾ ಅಂತಲೂ ನೋಡಿ. ಇದ್ದೇ ಇರುತ್ತದೆ.

ಇಡಲು ಡಿಸ್ಪೇಸ್ ಒಳ್ಳೆಯ ತಂತ್ರಾಂಶ, ಬಿಟ್ಟಿಯೂ ಹೌದು. ನೋಡಿಕೊಳ್ಳುವವರಿಲ್ಲದ ಸಣ್ಣ ಕಾಲೇಜಿಗೆ ಅದು ಬಿಳಿ ಆನೆ, ವೆಬ್‌ಸೈಟಿನ ಒಂದು ಪುಟ ಸಾಕು. ಪಿಡಿಎಫ್ ಜೊತೆ ತಿದ್ದಲು ಬರುವ ಮೂಲ ಫೈಲನ್ನೂ ಇಡಿ.

ಕನ್ನಡ ಪಾಠಗಳಿಗೆ ಒಂದು ವಿಶೇಷ ತಲೆನೋವು ಇದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಹುಡುಕಲು ಬರುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

"ನಮ್ಮ ಬರಹ ಸುಮ್ನೆ ಯಾಕೆ ಬಿಟ್ಟುಕೊಡಬೇಕು?" ಅನ್ನುವವರಿಗೆ ನಾನು ಪಕ್ಕದ ಗೋವಾ ತೋರಿಸುತ್ತೇನೆ. ಗೋವಾ ವಿಶ್ವವಿದ್ಯಾಲಯ 2013ರಲ್ಲಿ ತನ್ನ ನಾಲ್ಕು ಸಂಪುಟದ ಕೊಂಕಣಿ ವಿಶ್ವಕೋಶವನ್ನು ಸಿಸಿ ಬಿವೈ ಎಸ್‌ಎ ಅಡಿಯಲ್ಲಿ ಬಿಟ್ಟಿತು. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ ಹಾಗೇ ಬಿಟ್ಟುಕೊಟ್ಟಿತು. ಅದು ಈಗ ಕನ್ನಡ ವಿಕಿಸೋರ್ಸ್‌ನಲ್ಲಿದೆ.

ಹೆಜ್ಜೆ 8: ಪ್ರಿನ್ಸಿಪಾಲರ ಕೋಣೆ

ಇಲ್ಲಿ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, "ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್ ಬಂತಲ್ಲ, ಇದು ಯಾಕೆ?" ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಆ ಯೋಜನೆ 2025ರಲ್ಲಿ ಶುರುವಾಯಿತು. ಆದರೆ ಅದು ಸಂಶೋಧನಾ ಜರ್ನಲ್‌ಗಳಿಗೆ, ಅದೂ ಸರ್ಕಾರಿ ಸಂಸ್ಥೆಗಳಿಗೆ. ಎಫ್‌ವೈ ಹುಡುಗನ ಪಠ್ಯಪುಸ್ತಕ ಅದರಲ್ಲಿ ಇಲ್ಲ. ಎರಡನೆಯದು, "ಮಾನ್ಯತೆ ಇದೆಯಾ?" ಯುನೆಸ್ಕೋ 2019ರ ನವೆಂಬರ್‌ನಲ್ಲಿ ಮುಕ್ತ ಕಲಿಕಾ ಸಾಮಗ್ರಿಗಳ ಬಗ್ಗೆ ಸದಸ್ಯ ದೇಶಗಳಿಗೆ ಶಿಫಾರಸನ್ನೇ ಹೊರಡಿಸಿದೆ ಅಂತ ಹೇಳಿ. ಕೇಳುವುದನ್ನು ಮಾತ್ರ ಕೇಳಿಬಿಡಿ: ಪ್ರಿಂಟಿಗೆ ಸ್ವಲ್ಪ ದುಡ್ಡು, ಪಾಠ ತಿದ್ದುವ ಮೇಷ್ಟ್ರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಅಥವಾ ಸಣ್ಣ ಗೌರವಧನ. ಬಿಡುವು ಕೊಡದೆ ಈ ಕೆಲಸ ಎರಡನೇ ವರ್ಷಕ್ಕೆ ನಿಂತುಹೋಗುವುದನ್ನು ನೋಡಿದ್ದೇನೆ.

ಹೆಜ್ಜೆ 9: ಪ್ರತಿ ಮೇ ತಿಂಗಳು ಮತ್ತೆ ಕೂರುವುದು

ಸಿಲೆಬಸ್ ಬದಲಾಗುತ್ತದೆ, ಲಿಂಕು ಒಡೆಯುತ್ತದೆ, ಮೂಲ ಪುಸ್ತಕಕ್ಕೆ ಹೊಸ ಆವೃತ್ತಿ ಬರುತ್ತದೆ. ರಜೆಯಲ್ಲಿ ಎರಡು ದಿನ ಇದಕ್ಕೇ ಇಡಿ. ಎಷ್ಟು ಕ್ಲಿಕ್ ಅನ್ನುವುದಕ್ಕಿಂತ ಎಷ್ಟು ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದರು, ಸ್ಪೈರಲ್ ಪ್ರತಿ ಎಷ್ಟು ಹರಿದಿದೆ ಅಂತ ನೋಡಿ. ಪ್ರತಿ ಪಾಠದ ಕೆಳಗೆ ಆವೃತ್ತಿ ಸಂಖ್ಯೆ ಹಾಕಿ, 'ತಪ್ಪು ಕಂಡರೆ ಲೈಬ್ರರಿಗೆ ತಿಳಿಸಿ' ಅಂತ ಒಂದು ಸಾಲು ಬರೆಯಿರಿ. ಮಕ್ಕಳು ತಿಳಿಸುತ್ತಾರೆ, ನಂಬಿ.

ನಮ್ಮ ಮೊದಲ ಪ್ರತಿ ರೀಡಿಂಗ್ ರೂಮಿಗೆ ಹೋದ ನಾಲ್ಕನೇ ದಿನ ಕುಂದಾಪುರದ ಹುಡುಗ ಸ್ಪೈರಲ್ ಹಿಡಿದುಕೊಂಡೇ ಕೌಂಟರಿಗೆ ಬಂದ. ಕೋಷ್ಟಕವನ್ನೆಲ್ಲ ತಿದ್ದಿದ್ದೆವು, ಅದರ ಕೆಳಗಿನ ಗ್ರಾಫ್ ಮರೆತಿದ್ದೆವು.

"ಮೇಡಂ, ಈರುಳ್ಳೀನ ಗ್ಯಾಲನ್ ಲೆಕ್ಕದಲ್ಲಿ ಯಾವಾಗಿಂದ ಮಾರ್ತಾರೆ?"

ಅವತ್ತೇ ಮಧ್ಯಾಹ್ನ ಗ್ರಾಫ್ ತಿದ್ದಿ, 1.1 ಅಂತ ನಂಬರ್ ಬದಲಿಸಿ, ಹೊಸ ಪುಟ ಪ್ರಿಂಟ್ ತೆಗೆದೆ. ಸ್ಪೈರಲ್ ಬಿಚ್ಚಿ ಪುಟ ಸೇರಿಸಿಕೊಟ್ಟವನು ಅವನೇ.